ತಮ್ಮನ ಹೊಟ್ಟೆಯ ನೀರು

ನನ್ನ ಬಾಯಿ ಜೋರು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಮೊದಲು ಹೇಳುತ್ತಾರೆ. ಹೇಳಲಿ ಬಿಡಿ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಷೀನು ತುಳಿದು ಬದುಕಿದವಳು ನಾನು, ಬಾಯಿ ಸಣ್ಣದಿದ್ದರೆ ಜನ ನನ್ನನ್ನು ಹುರಿದು ಮುಕ್ಕುತ್ತಿದ್ದರು. ಆದರೆ ಎಲ್ಲಿ ಬಾಯಿ ತೆರೆಯಲೇಬೇಕಿತ್ತೋ ಅಲ್ಲಿ, ಒಬ್ಬ ಡಾಕ್ಟರ ಮುಂದೆ, ನಾನು ತುಟಿ ಬಿಗಿದು ಕೂತೆ. ಅದರಿಂದ ನನ್ನ ತಮ್ಮ ಸಾಯುವುದರಲ್ಲಿದ್ದ. ಆ ಕಥೆ ಇದು.

ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು. ಶಾಲೆಯ ವ್ಯಾನು ಓಡಿಸುತ್ತಾನೆ. ಬೆಳಗ್ಗೆ ಉಜ್ಜಿನಿ ಕಡೆಯ ಹಳ್ಳಿಗಳಿಂದ ಮಕ್ಕಳನ್ನು ಕರೆತರುವುದು, ಸಂಜೆ ವಾಪಸು ಬಿಟ್ಟು ಬರುವುದು. ಮಧ್ಯಾಹ್ನ ವ್ಯಾನನ್ನು ನಮ್ಮ ಮನೆಯೆದುರಿನ ಬೇವಿನ ನೆರಳಿಗೆ ನಿಲ್ಲಿಸಿ ನನ್ನ ಹತ್ತಿರವೇ ಉಣ್ಣುತ್ತಾನೆ. ಅವನ ಮನೆ ಊರಿನ ಆ ತುದಿಗೆ. ಹೆಂಡತಿ ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಆ ಹೊತ್ತಿಗೆ ಮನೆಯಲ್ಲಿರುವುದಿಲ್ಲ. ಹತ್ತು ವರ್ಷದಿಂದ ಇದೇ ನಡೆದುಕೊಂಡು ಬಂದಿತ್ತು.

ಅವನ ಖಾಕಿ ಪ್ಯಾಂಟು, ಅಂಗಿ ಎಲ್ಲ ನನ್ನ ಕೈಯವೇ. ಅವನ ಅಳತೆ ನನಗೆ ಬಾಯಿಪಾಠ. ಸೊಂಟ ಮೂವತ್ತನಾಲ್ಕು. ಯುಗಾದಿಯ ಹೊತ್ತಿಗೆ ಪ್ಯಾಂಟು ತಂದು, "ಅಕ್ಕಾ, ಬಿಗಿ ಆಗೈತಿ, ಒಂದೀಟು ಬಿಚ್ಚಿಕೊಡು" ಎಂದ. ಹಿಂದಿನ ಹೊಲಿಗೆಯಲ್ಲಿ ಬಟ್ಟೆ ಬಿಟ್ಟಿರುತ್ತೇನಲ್ಲ, ಬಿಚ್ಚಿ ಎರಡಿಂಚು ಸಡಿಲ ಮಾಡಿದೆ. "ಏನಲೇ, ನನ್ನ ಕೈಯಡಗಿ ಮೈಗೆ ಹತ್ತಾಕತ್ತೈತಿ" ಎಂದು ನಕ್ಕೆ. ಅವನೂ ನಕ್ಕ. ಒಂದು ತಿಂಗಳಾಗುವಷ್ಟರಲ್ಲಿ ಮತ್ತೆ ತಂದ. ಮೂರನೆಯ ಸಲ ತಂದಾಗ ಬಿಚ್ಚಲು ಬಟ್ಟೆಯೇ ಉಳಿದಿರಲಿಲ್ಲ, ಬೇರೆ ತುಂಡು ಕೂಡಿಸಬೇಕಾಯಿತು. ಟೇಪು ಹಿಡಿದೆ: ನಲವತ್ತು.

ಅವತ್ತು ನಾನು ನಗಲಿಲ್ಲ. ಸೊಂಟ ನಲವತ್ತಾದವನ ಕೊರಳಪಟ್ಟಿ ಸಡಿಲವಾಗಿತ್ತು. ತೋಳು ನೋಡಿದರೆ ಒಣಗಿದ ಜೋಳದ ದಂಟು. ದಪ್ಪಗಾಗುವವನು ಎಲ್ಲ ಕಡೆ ದಪ್ಪಗಾಗುತ್ತಾನೆ, ಇದೇನು ಮೇಲೆ ಸೊರಗಿ ನಡುವೆ ಉಬ್ಬುವುದು? ತಟ್ಟೆಗೆ ಹಾಕಿದ ಎರಡು ರೊಟ್ಟಿಯಲ್ಲಿ ಒಂದನ್ನೂ ಮುಗಿಸುತ್ತಿರಲಿಲ್ಲ. ಕೇಳಿದರೆ, "ಹೊಟ್ಟಿ ಬಿಗದಂಗ ಆಗತೈತಿ. ಸಂಜಿ ಆತಂದ್ರ ಮೈ ಬೆಚ್ಚಗ ಆಗತೈತಿ, ಅಷ್ಟ" ಎಂದು ತೇಲಿಸಿದ.

ಅಷ್ಟರಲ್ಲಿ ಊರಿನವರು ತೀರ್ಪು ಕೊಟ್ಟಾಗಿತ್ತು. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಹೊಟ್ಟೆ ಮುಂದೆ ಬಂದು ಕೈಕಾಲು ಸಣ್ಣಗಾದರೆ ಅದು ಕುಡುಕರ ಹೊಟ್ಟೆ, ಅವರಿಗೆ ಬೇರೆ ಲೆಕ್ಕವೇ ಗೊತ್ತಿಲ್ಲ. ನಮ್ಮ ಓಣಿಯಲ್ಲೇ ಹಾಗೆ ಹೋದವರಿಬ್ಬರನ್ನು ಎಲ್ಲರೂ ನೋಡಿದ್ದರು. ಬಸ್‌ಸ್ಟ್ಯಾಂಡ್ ಹತ್ತಿರದ ಕ್ಲಿನಿಕ್ಕಿನವರು ಹೊಟ್ಟೆ ನೋಡಿದ ಕೂಡಲೇ, "ಲಿವರ್ ಕೆಟ್ಟೈತಿ, ಕುಡಿಯೋದು ಬಿಡು" ಅಂದರಂತೆ. "ನಾ ಕುಡಿಯಂಗಿಲ್ರಿ" ಎಂದರೆ, "ಎಲ್ಲಾರೂ ಹಿಂಗ ಅಂತಾರ" ಎಂದು ಮುಂದಿನವನನ್ನು ಕರೆದರಂತೆ. ಶಾಲೆಯಲ್ಲಿ ದಿನಾ ಬೆಳಗ್ಗೆ ಬೀಗದ ಕೈ ಕೊಡುವ ಮುಂಚೆ ಬಾಯಿ ಊದಿಸಿ ನೋಡುತ್ತಿದ್ದರು. ಇದನ್ನೆಲ್ಲ ಅವನ ಹೆಂಡತಿ ನನ್ನ ಮಷೀನಿನ ಪಕ್ಕ ಕೂತು ಅಳುತ್ತಾ ಹೇಳಿದಳು. "ಅಕ್ಕಾರ, ಮಕ್ಕಳನ್ನ ಕರಕೊಂಡು ಬರೋ ಗಾಡಿರಿ ಅದು. ನಾಳೆ ಬರಬ್ಯಾಡ ಅಂದ್ರ ಏನ್ ಗತಿ?" ಅವಳೂ ಗಂಡನನ್ನು ನಂಬಿದ್ದಳೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಗೊಡವೆಗೇ ಹೋಗಲಿಲ್ಲ.

ನಾನು ನೇರ ಮಾತಿನವಳು. ಮರುದಿನ ಅವನು ತಟ್ಟೆಯ ಮುಂದೆ ಕೂತಾಗ ಕೇಳಿಯೇಬಿಟ್ಟೆ.

"ಕುಡಿತೀಯೇನು?"

"ಇಲ್ಲ."

"ಹಂಗಾರ ಕೊಳ್ಳಾಗಿನ ಲಿಂಗ ಮುಟ್ಟಿ ಹೇಳು."

ಅವನ ಮುಖ ಬಿಳಿಚಿತು. "ಹತ್ತು ವರ್ಷ ನಿನ್ನ ಮುಂದ ಕುಂತು ಉಂಡೀನಿ ಅಕ್ಕಾ. ನನ್ನ ಮಾತು ಸಾಲದೇನು ನಿನಗ? ಸಾಲದು ಅಂದ್ರ ಲಿಂಗ ಯಾಕ ಮುಟ್ಟಲಿ?" ಕೈ ತೊಳೆದುಕೊಂಡು ಎದ್ದು ಹೋದ.

ಲಿಂಗ ಮುಟ್ಟುವುದೆಂದರೆ ನಮ್ಮಲ್ಲಿ ಆಟವಲ್ಲ. ಮಾತುಮಾತಿಗೆ ಆಣೆ ಮಾಡುವವನು ಸುಳ್ಳ, ನಿಜ ಹೇಳುವವನಿಗೆ ಆಣೆ ಯಾಕೆ ಎಂದು ಅವ್ವ ನಮ್ಮಿಬ್ಬರಿಗೂ ಹೇಳಿ ಹೇಳಿ ಬೆಳೆಸಿದ್ದಳು. ಅವನು ಅವ್ವನ ಮಾತು ಉಳಿಸಿಕೊಂಡ. ನಾನು ಮರೆತೆ. ಮುಟ್ಟಲಿಲ್ಲ ಎಂದ ಮೇಲೆ ಕುಡಿಯುತ್ತಾನೆ, ಮುಗಿಯಿತು ಎಂದುಕೊಂಡೆ. ಒಂದು ಗಳಿಗೆಯೂ ಅನುಮಾನ ಬರಲಿಲ್ಲ ನನಗೆ, ಥೂ.

ಕುಡಿತ ಬಿಡಿಸುವ ಪುಡಿ ಕೊಡುವವರೊಬ್ಬರು ಗುಡೇಕೋಟೆಯ ಆಚೆ ಒಂದು ಹಳ್ಳಿಯಲ್ಲಿದ್ದಾರೆಂದು ನನ್ನ ಹತ್ತಿರ ಜಂಪರು ಹೊಲಿಸುವವಳೊಬ್ಬಳು ಹೇಳಿದ್ದಳು. ಯಾರಿಗೂ ಹೇಳದೆ ಕೂಡ್ಲಿಗಿಗೆ ಹೋಗಿ, ಅಲ್ಲಿಂದ ಗುಡೇಕೋಟೆಯ ಬಸ್ಸು ಹಿಡಿದು, ಕಲ್ಲುಗುಡ್ಡದ ಬದಿಗೆ ಅರ್ಧ ತಾಸು ನಡೆದೆ. ಒಬ್ಬ ಮುದುಕ ನನ್ನ ಮಾತು ಪೂರ್ತಿ ಕೇಳುವ ಮೊದಲೇ ಒಳಗೆ ಹೋಗಿ ಪೇಪರಿನಲ್ಲಿ ಕಟ್ಟಿದ ಪೊಟ್ಟಣ ತಂದ. "ನಲವತ್ತೊಂದು ದಿನ. ಒಂದು ದಿನ ತಪ್ಪಬಾರದು. ಉಣ್ಣಾವಗ ಗೊತ್ತಾಗಬಾರದು. ನಿನ್ನ ಬಾಯಿಂದ ಯಾರ ಮುಂದನಾ ಹೊರಗ ಬಿತ್ತೋ, ಔಷಧಿ ಸತ್ತಂಗ" ಎಂದ. ನಮ್ಮ ಕಡೆ ನಾಟಿ ಔಷಧಿಗೆಲ್ಲ ಇದೇ ನೇಮ. ಕಾಮಾಲೆಗೆ ಸೊಪ್ಪು ತಂದರೂ ದಾರಿಯಲ್ಲಿ ಯಾರನ್ನೂ ಮಾತಾಡಿಸುವಂತಿಲ್ಲ. ವಾಪಸು ಬರುವಾಗ ಕಂಡಕ್ಟರು ಎಲ್ಲಿಗೆ ಎಂದು ಎರಡು ಸಲ ಕೇಳಿದ. ಟಿಕೆಟ್ಟಿಗೆ ದುಡ್ಡು ಚಾಚಿ ಕೊಟ್ಟೂರಿನ ದಿಕ್ಕಿಗೆ ಕೈ ತೋರಿಸಿದೆ. ಪಾಪ, ಮೂಕಿ ಅಂದುಕೊಂಡು ಸೀಟು ಬಿಡಿಸಿಕೊಟ್ಟ.

ಮಾರನೆಯ ದಿನದಿಂದ ಅವನ ಸಾರಿಗೆ ಚಿಟಿಕೆ ಪುಡಿ. ಹುಣಸೆಹುಳಿ ಜಾಸ್ತಿ, ಬೆಲ್ಲ ಜಾಸ್ತಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ತಮ್ಮ ಮುನಿಸು ಮರೆತು ಮತ್ತೆ ಬಂದಿದ್ದ. ತಲೆ ಬಗ್ಗಿಸಿ ಉಣ್ಣುತ್ತಿದ್ದ. ನಾನು ಬಾಗಿಲಲ್ಲಿ ನಿಂತು, ಬಟ್ಟಲು ಖಾಲಿಯಾಗುವತನಕ ನೋಡುತ್ತಿದ್ದೆ.

ಇಪ್ಪತ್ತು ದಿನ ದಾಟಿತು. ಹೊಟ್ಟೆ ಇಳಿಯಲಿಲ್ಲ. ಕಾಲು ಬಾತವು, ಚಪ್ಪಲಿಯ ಪಟ್ಟಿ ಪಾದದಲ್ಲಿ ಅಚ್ಚೊತ್ತಿದಂತೆ ಉಳಿಯುತ್ತಿತ್ತು. ಸ್ಟೇರಿಂಗು ಹೊಟ್ಟೆಗೆ ತಾಗುತ್ತದೆಂದು ಸೀಟನ್ನು ಹಿಂದಕ್ಕೆ ಸರಿಸಿದ್ದ. ಒಂದು ಮಧ್ಯಾಹ್ನ ತುತ್ತು ಕೈಯಲ್ಲೇ ಇದ್ದಂತೆ ಗೋಡೆ ಹಿಡಿದು, "ಅಕ್ಕಾ, ಉಸಿರು ಸಾಲವಲ್ದು" ಎಂದ. ಬಾಡಿಗೆ ಕಾರು ಮಾಡಿ, ಅವನ ಹೆಂಡತಿಯನ್ನು ಅಂಗನವಾಡಿಯಿಂದಲೇ ಹತ್ತಿಸಿಕೊಂಡು, ಹರಪನಹಳ್ಳಿ ಮೇಲೆ ಹಾದು ದಾವಣಗೆರೆಗೆ ಹೋದೆವು. ದಾರಿಯುದ್ದಕ್ಕೂ ಅವನು ಒರಗಲಾರದೆ, ಬಗ್ಗಲಾರದೆ ಮುಂದಿನ ಸೀಟು ಹಿಡಿದು ಕೂತಿದ್ದ. ಹೆಂಡತಿ ಬೆನ್ನು ತಿಕ್ಕುತ್ತಿದ್ದಳು. ಪೊಟ್ಟಣ ನನ್ನ ಬ್ಯಾಗಿನಲ್ಲಿತ್ತು.

ಅಲ್ಲಿ ನೋಡಿದ್ದು ಒಬ್ಬಳು ಹರೆಯದ ಡಾಕ್ಟರು. ಅವಳ ಕೈ ಸುಮ್ಮನಿರಲಿಲ್ಲ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು, ತಗ್ಗು ಹಾಗೇ ನಿಂತಿತು. ಕಣ್ಣಿನ ಕೆಳರೆಪ್ಪೆ ಎಳೆದಳು. ಕೊರಳಿನ ನರ ದಿಟ್ಟಿಸಿದಳು. ಆಮೇಲೆ ಅಂಗಾತ ಮಲಗಿಸಿ, ಒಂದು ಬೆರಳನ್ನು ಹೊಟ್ಟೆಯ ಮೇಲಿಟ್ಟು ಇನ್ನೊಂದು ಬೆರಳಿನಿಂದ ಅದರ ಮೇಲೆ ಬಡಿಯುತ್ತ ಹೋದಳು, ಸಂತೆಯಲ್ಲಿ ನಾವು ಗಡಿಗೆ ಬಡಿದು ನೋಡಿದ ಹಾಗೆ. ನಡುವೆ ಟೊಳ್ಳು ಸದ್ದು, ಪಕ್ಕೆಯಲ್ಲಿ ಮಂದ. ಅವನನ್ನು ಮಗ್ಗುಲಿಗೆ ತಿರುಗಿಸಿ ಮತ್ತೆ ಬಡಿದಳು. ಈಗ ಮಂದ ಇದ್ದ ಕಡೆ ಟೊಳ್ಳು.

"ನೀರಿದೆ" ಎಂದಳು. "ಮಗ್ಗುಲು ಬದಲಿಸಿದಂಗೆ ಅದೂ ಜಾಗ ಬದಲಿಸುತ್ತೆ. ಬೊಜ್ಜಾದ್ರೆ ಹಾಗೆ ಹರಿಯಲ್ಲ."

"ಕುಡಿದ್ರ ಹಿಂಗ ಆಗತೈತಲ್ರಿ?" ಎಂದೆ ನಾನು. ನೋಡಿ ನನ್ನ ಬಾಯಿ.

"ಆಗುತ್ತೆ. ಆದ್ರೆ ಅದೊಂದರಿಂದಲೇ ಅಲ್ಲಮ್ಮ. ನೀರು ತುಂಬೋದೇ ರೋಗ ಅಲ್ಲ, ರೋಗ ಎಲ್ಲೋ ಇರುತ್ತೆ, ನೀರು ಇಲ್ಲಿ ಕಾಣುತ್ತೆ. ಕಿಡ್ನಿ ಸೋರಿದ್ರೆ ಬೆಳಗ್ಗೆ ಎದ್ದಾಗ ಮುಖ, ಕಣ್ಣು ಊದಿಕೊಂಡಿರುತ್ತೆ. ಹೃದಯ ಸೋತ್ರೆ ಸಂಜೆಗೆ ಕಾಲು ಬಾತಿರುತ್ತೆ, ಕೊರಳ ನರ ಉಬ್ಬಿರುತ್ತೆ. ಲಿವರ್ ಗಟ್ಟಿಯಾಗಿ ಕೆಟ್ಟರೂ ಹೊಟ್ಟೇಲಿ ತುಂಬುತ್ತೆ. ಕೆಲವು ಸಲ ಹೊಟ್ಟೆ ಒಳಗಿನ ಪೊರೆಗೇ ಸೋಂಕು ತಗಲಿರುತ್ತೆ, ಅಥವಾ ಗಡ್ಡೆ ಇರುತ್ತೆ. ಯಾವುದು ಅಂತ ಹುಡುಕಬೇಕು. ಯಾವಾಗಿಂದ ಹೀಗೆ?"

ಅವನು ತಡವರಿಸಿದ. ನಾನು ಹೇಳಿದೆ: ಯುಗಾದಿಗೆ ಸೊಂಟ ಮೂವತ್ತನಾಲ್ಕರಿಂದ ಮೂವತ್ತಾರು, ಆಮೇಲೆ ಮೂವತ್ತೆಂಟು, ಆಮೇಲೆ ನಲವತ್ತು. ತೋಳು ಒಂದೂವರೆ ಇಂಚು ಇಳಿದಿದೆ, ಕೊರಳು ಅರ್ಧ ಇಂಚು. ಸಂಜೆಗೆ ಮೈ ಬೆಚ್ಚಗಾಗುತ್ತದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಇಷ್ಟು ಕರೆಕ್ಟಾಗಿ ಯಾರೂ ಹೇಳಲ್ಲಮ್ಮ" ಎಂದಳು. ನಾನು ಉಬ್ಬಿಹೋದೆ.

ಮುಂದಿನ ಪ್ರಶ್ನೆ ಅವನಿಗೆ. "ಕುಡಿತೀರಾ?"

"ಇಲ್ರಿ."

"ನಾಟಿ ಔಷಧಿ, ಪುಡಿ, ಕಷಾಯ, ಏನಾದ್ರೂ ತಗೊಂಡಿದೀರಾ?"

"ಇಲ್ರಿ."

ಅವಳು ನನ್ನ ಕಡೆ ತಿರುಗಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಇನ್ನೂ ಹದಿನೆಂಟು ದಿನ ಬಾಕಿ ಇತ್ತು. ಬಾಯಿಬಿಟ್ಟರೆ ಇಲ್ಲಿಯವರೆಗೆ ಹಾಕಿದ್ದೆಲ್ಲ ನೀರುಪಾಲು ಎಂಬುದೊಂದೇ ನನ್ನ ತಲೆಯಲ್ಲಿ.

ವಾರ್ಡಿಗೆ ಸೇರಿಸಿಕೊಂಡರು. ಮೂತ್ರ ಪರೀಕ್ಷೆಯಲ್ಲಿ ಸೋರಿಕೆ ಇರಲಿಲ್ಲ, ಕಿಡ್ನಿ ಚೆನ್ನಾಗಿದೆ ಎಂದರು. ಹೃದಯದ ಸ್ಕ್ಯಾನಿಂಗೂ ಸರಿಯಿತ್ತು. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ತುಂಬ ನೀರು, ಆದರೆ ಲಿವರ್ ಕುಗ್ಗಿರಲಿಲ್ಲ. ಆಮೇಲೆ ಹೊಟ್ಟೆಯ ಎಡಬದಿಗೆ, ಕೆಳಗೆ, ಮರಗಟ್ಟಿಸುವ ಮದ್ದು ಕೊಟ್ಟು ಸೂಜಿ ಹಾಕಿದರು. ನಾನು ಪರದೆಯ ಸಂದಿನಿಂದ ನೋಡಿದೆ. ಹೆಸರುಬೇಳೆಯ ಕಟ್ಟಿನಂಥ ತೆಳು ಹಳದಿ ನೀರು ನಳಿಕೆಯಲ್ಲಿಳಿದು ಬಾಟಲಿ ತುಂಬಿತು. ಇಷ್ಟು ನೀರು ಹೊತ್ತುಕೊಂಡು ಮಕ್ಕಳ ಗಾಡಿ ಓಡಿಸಿದನಲ್ಲ ಎಂದುಕೊಂಡೆ. ಅದನ್ನು ಪರೀಕ್ಷೆಗೆ ಕಳಿಸಿದರು.

ಸಂಜೆ ಡಾಕ್ಟರು ಬಂದು, "ನನಗೆ ಹೊಟ್ಟೆಯ ಪೊರೆಯ ಟಿಬಿ ಅನ್ನೋ ಅನುಮಾನ ಇದೆ. ಟಿಬಿ ಬರೀ ಎದೆಗೇ ಬರಬೇಕಂತಿಲ್ಲ. ಆದ್ರೆ ವಾಸಿಯಾಗುತ್ತೆ, ಮಾತ್ರೆ ಇದೆ. ನೀರಿನ ರಿಪೋರ್ಟು ಬರಲಿ. ಒಂದೇ ತೊಡಕು. ರಕ್ತದಲ್ಲಿ ಲಿವರ್‌ಗೆ ಪೆಟ್ಟು ಬಿದ್ದಿರೋದು ಕಾಣ್ತಿದೆ. ಟಿಬಿ ಮಾತ್ರೆ ಲಿವರ್‌ಗೆ ಭಾರ. ಈಗಲೇ ಕೊಟ್ರೆ ಅಪಾಯ. ಅದು ಇಳೀಬೇಕು" ಎಂದಳು.

ಇದನ್ನು ಕೇಳಿ ಬುದ್ಧಿ ಇದ್ದವಳಾಗಿದ್ದರೆ ಪೊಟ್ಟಣ ತೆಗೆದು ಅವಳ ಕೈಗಿಡುತ್ತಿದ್ದೆ. ನಾನು ಕೇಳಿಸಿಕೊಂಡಿದ್ದು ಲಿವರ್ ಎಂಬುದೊಂದೇ ಮಾತು. ನೋಡು, ಲಿವರ್ ಕೆಟ್ಟಿದೆ ಎಂದಮೇಲೆ ಕುಡಿತವೇ, ನನ್ನ ಎಣಿಕೆ ತಪ್ಪಿಲ್ಲ ಎಂದುಕೊಂಡೆ. ಮಾರನೆಯ ಮಧ್ಯಾಹ್ನ ಹೊರಗಿನ ಹೋಟೆಲಿನಿಂದ ಮಜ್ಜಿಗೆ ತಂದು, ಮೆಟ್ಟಿಲ ಕೆಳಗೆ ಗೋಡೆಗೆ ಮುಖ ಮಾಡಿ ನಿಂತು, ಪುಡಿ ಬೆರೆಸಿದೆ. ಮರುದಿನವೂ. ಅದರ ಮರುದಿನವೂ. ನನ್ನ ಕೈಯಾರೆ ಕುಡಿಸಿದೆ.

ನಾಲ್ಕನೆಯ ದಿನ ಮತ್ತೆ ರಕ್ತ ತೆಗೆದರು. ಡಾಕ್ಟರು ಕಾಗದ ಹಿಡಿದು ಬಂದಾಗ ಅವಳ ಮುಖ ಗಡುಸಾಗಿತ್ತು. "ನೀರಿನ ರಿಪೋರ್ಟು ಬಂತು, ಟಿಬಿನೇ. ಮಾತ್ರೆ ಶುರು ಮಾಡೋಣ ಅಂದ್ರೆ ಲಿವರ್ ಇಳಿಯೋದಿರಲಿ, ಡಬಲ್ ಆಗಿದೆ. ಕಣ್ಣು ಹಳದಿ ಆಗ್ತಿದೆ. ನಮ್ಮ ಕಣ್ಣೆದುರಿಗೆ ಮಲಗಿರೋ ಮನುಷ್ಯನಿಗೆ ಇದು ಹೇಗಾಗುತ್ತೆ? ಹೊರಗಿಂದ ಯಾರೋ ಏನೋ ತಂದು ಕೊಡ್ತಿದೀರಿ." ಅವಳ ನೋಟ ತಮ್ಮನ ಹೆಂಡತಿಯ ಮೇಲೆ ನಿಂತಿತು. ಹಗಲು ರಾತ್ರಿ ಹಾಸಿಗೆಯ ಪಕ್ಕ ಇದ್ದವಳು ಅವಳೇ. "ಬಾಟಲಿ ಇದ್ರೆ ಈಗಲೇ ಕೊಟ್ಟುಬಿಡಮ್ಮ. ಹೀಗೇ ಆದ್ರೆ ನಿನ್ನ ಗಂಡ ಉಳಿಯಲ್ಲ."

"ದೇವರಾಣಿರಿ, ನಾ ಏನೂ ಕೊಟ್ಟಿಲ್ರಿ" ಎಂದಳು. ನರ್ಸು ಅವಳ ಚೀಲವನ್ನು ಬೆಂಚಿನ ಮೇಲೆ ಸುರಿದಳು. ಎರಡು ಸೀರೆ, ಬಾಚಣಿಗೆ, ಗಂಡನ ಟವೆಲ್ಲು, ಒಳಬಟ್ಟೆಗಳು. ವಾರ್ಡಿನವರೆಲ್ಲ ಕತ್ತು ಹೊರಳಿಸಿ ನೋಡುತ್ತಿದ್ದರು. ಅವಳು ಒಳಬಟ್ಟೆಗಳನ್ನು ಸೆರಗಿನಲ್ಲಿ ಮುಚ್ಚಲು ಹೋದಳು.

ತಮ್ಮ ಎದ್ದು ಕೂರಲು ಒದ್ದಾಡಿದ. "ಆಕಿ ಚೀಲ ಮುಟ್ಟಬ್ಯಾಡ್ರಿ!" ಎಂದು ಕೂಗಿದ. ಆ ದನಿ ನಾನು ಅವನ ಬಾಯಲ್ಲಿ ಕೇಳಿಯೇ ಇರಲಿಲ್ಲ. ಅಂಗಿಯೊಳಗೆ ಕೈ ಹಾಕಿ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದ. "ಲಿಂಗ ಮುಟ್ಟಿ ಹೇಳ್ತೀನ್ರಿ ಡಾಕ್ಟರ್ರ. ನಾ ಕುಡ್ಯಾವಲ್ಲ. ಆಕಿ ತಂದುಕೊಟ್ಟಿಲ್ಲ. ನನ್ನ ಹೆಂಡ್ರನ್ನ ಹಿಂಗ ನಿಲ್ಲಸಬ್ಯಾಡ್ರಿ."

ತನ್ನ ಮಾನಕ್ಕಾಗಿ ಮುಟ್ಟದವನು ಹೆಂಡತಿಯ ಮಾನಕ್ಕಾಗಿ ಮುಟ್ಟಿದ್ದ. ಅಯ್ಯೋ ಶಿವನೇ, ಇವನು ನಿಜವನ್ನೇ ಹೇಳುತ್ತಿದ್ದಾನೆ, ಮೊದಲಿಂದಲೂ ನಿಜವನ್ನೇ ಹೇಳಿದ್ದಾನೆ.

"ನಾನ್ರಿ" ಎಂದೆ. ಯಾರಿಗೂ ಕೇಳಿಸಲಿಲ್ಲ. ನನ್ನ ಜೋರು ಬಾಯಿಂದ ದನಿಯೇ ಹೊರಡಲಿಲ್ಲ. ಬ್ಯಾಗಿನಿಂದ ಪೊಟ್ಟಣ ತೆಗೆದು ಡಾಕ್ಟರ ಮುಂದೆ ಹಿಡಿದೆ. "ನಾನ್ರಿ ಹಾಕಿದ್ದು. ಕುಡಿತ ಬಿಡಸೋ ಪುಡಿ ಇದು. ಮನ್ಯಾಗ ಸಾರಿನಾಗ, ಇಲ್ಲಿ ಮಜ್ಜಿಗ್ಯಾಗ. ಆಕಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಡಾಕ್ಟರು ಪೊಟ್ಟಣ ಮೂಸಿ ನೋಡಿದಳು. "ಅವತ್ತು ಕೇಳಿದೆನಲ್ಲಮ್ಮ. ಇಂಚು ಇಂಚು ಲೆಕ್ಕ ಹೇಳಿದೋಳು ಇದನ್ಯಾಕೆ ಹೇಳಲಿಲ್ಲ?"

"ಹೇಳಿದ್ರ ಔಷಧಿ ಸಾಯತೈತಿ ಅಂದಿದ್ರು."

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಇನ್ನೊಂದು ವಾರ ಕುಡಿಸಿದ್ರೆ ನಿಮ್ಮ ತಮ್ಮ ಸಾಯ್ತಿದ್ದ" ಎಂದಷ್ಟೇ ಹೇಳಿ, ನರ್ಸಿಗೆ ಏನೋ ಬರೆಸಿ ಹೊರಟುಹೋದಳು. ತಮ್ಮ ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಹೆಂಡತಿ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ತುಂಬಿ, ನನ್ನ ಮುಖ ನೋಡದೆ, "ನೀವು ಹೊರಗಿರ್ರಿ ಅಕ್ಕಾರ" ಎಂದಳು. ಹೋದೆ.

ಆಮೇಲಿನ ದಿನಗಳನ್ನು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕಳೆದೆ. ರಕ್ತ ತೆಗೆದ ದಿನ ನರ್ಸಿನ ಹಿಂದೆ ಓಡಿ ಕೇಳುವುದು, "ಇಳದೈತೇನ್ರಿ?" ಮೊದಲ ಸಲ ಇಳಿದಿರಲಿಲ್ಲ. ಆ ರಾತ್ರಿ ಉಪವಾಸ ಬಿದ್ದುಕೊಂಡಿದ್ದೆ. ಎರಡನೆಯ ಸಲ ಸ್ವಲ್ಪ ಇಳಿದಿತ್ತು. ಮೂರನೆಯ ಸಲ ಇನ್ನಷ್ಟು. ಆಗ ಟಿಬಿ ಮಾತ್ರೆಗಳನ್ನು ಒಂದೊಂದಾಗಿ, ರಕ್ತ ನೋಡುತ್ತ ನೋಡುತ್ತ ಶುರು ಮಾಡಿದರು. ಅಷ್ಟೂ ದಿನ ತಮ್ಮ ನನ್ನ ಜೊತೆ ಒಂದು ಮಾತಾಡಲಿಲ್ಲ. ಊರಿಗೆ ಬಂದ ಮೇಲೂ ಆಡಲಿಲ್ಲ. ತಿಂಗಳುಗಟ್ಟಲೆ ಮಾತ್ರೆ ನುಂಗಿದ. ಜ್ವರ ಬಿಟ್ಟಿತು, ಹೊಟ್ಟೆ ಇಳಿಯಿತು. ಡಾಕ್ಟರ ಚೀಟಿ ತೋರಿಸಿದ ಮೇಲೆ ಶಾಲೆಯವರು ವ್ಯಾನು ಕೊಟ್ಟರು. ಇದೆಲ್ಲ ನನಗೆ ಓಣಿಯವರಿಂದ ತಿಳಿಯುತ್ತಿತ್ತು. ವ್ಯಾನು ನಮ್ಮ ಮನೆ ದಾಟಿ ಮುಂದೆ ಹೋಗುತ್ತಿತ್ತು. ಹಾರನ್ನು ಕೇಳಿದರೆ ನಾನು ಮಷೀನು ತುಳಿಯುವುದನ್ನು ಜೋರು ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ವ್ಯಾನು ಬಾಗಿಲಲ್ಲಿ ನಿಂತಿತು. ಅವನು ಒಳಗೆ ಬಂದು ತಟ್ಟೆ ಹಾಕಿಕೊಂಡು ಕೂತ. ರೊಟ್ಟಿ ಹಾಕಿದೆ, ಪಲ್ಯ ಹಾಕಿದೆ. ಸಾರಿನ ಪಾತ್ರೆಗೆ ಸೌಟು ಹಾಕಿದವಳು ಎತ್ತಲಾರದೆ ನಿಂತೆ.

"ಬಡಸು" ಎಂದ.

"ತಮ್ಮಾ, ಒಂದ್ ಕೇಳತೀನಿ. ಆವಾಗ ಸಾರು ಕಹಿ ಇರಲಿಲ್ಲೇನು?"

"ಇತ್ತು. ಏನೋ ಹಾಕೀದಿ ಅಂತ ಮೊದಲ ದಿನಾನ ಗೊತ್ತಾತು. ಡಾಕ್ಟರ್ರು ಕೇಳಿದಾಗ ನಿನ್ನ ಹೆಸರು ಹೇಳಾಕ ನಾಲಿಗಿ ಏಳಲಿಲ್ಲ."

"ಗೊತ್ತಿದ್ದೂ ಯಾಕ ಉಂಡಿ? ಬಟ್ಟಲ ನನ್ನ ಮಾರಿಗೆ ಒಗೀಬೇಕಿಲ್ಲೇನು?"

ಅವನು ರೊಟ್ಟಿ ಮುರಿಯುತ್ತ ಹೇಳಿದ. "ಬಿಟ್ಟು ಎದ್ದಿದ್ರ, ಕುಡಿತಾನ ಅದಕ್ಕ ಬ್ಯಾಡ ಅಂತಾನ ಅಂತಿದ್ದಿ. ಆಣಿ ಮಾಡಾಕ ಮನಸು ಬರಲಿಲ್ಲ. ಉಂಡರನಾ ನಂಬತಾಳೇನೋ ಅಂತ ಉಂಡೆ."

ನಾನು ಅಲ್ಲೇ ಕುಸಿದು ಕೂತು ಬಾಯಿಗೆ ಸೆರಗು ಹಿಡಿದು ಅತ್ತೆ. ಅವನು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೇ ಎದ್ದು, ಮೊದಲು ನನ್ನ ಬಟ್ಟಲಿಗೆ ಸಾರು ಹಾಕಿಕೊಂಡು ಅವನೆದುರಿಗೆ ಅಷ್ಟನ್ನೂ ಕುಡಿದೆ, ಆಮೇಲೆ ಅವನಿಗೆ ಬಡಿಸಿದೆ. ಇವತ್ತಿಗೂ ದಿನಾ ಹಾಗೇ ಮಾಡುತ್ತೇನೆ. "ಸಾಕು ಬಿಡಕ್ಕಾ ಇನ್ನ" ಎನ್ನುತ್ತಾನೆ. ಆದರೆ ನಾನು ಕುಡಿದು ಮುಗಿಸುವತನಕ ಅವನು ತುತ್ತು ಎತ್ತುವುದಿಲ್ಲ.